ಗುಡ್ಡೆಗೇರಿನ ಎಣ್ಣೆ ಹಚ್ಚಿದ ದಿನ ಏನೂ ಆಗುವುದಿಲ್ಲ, ಅದೇ ಮೋಸ

ನಮ್ಮ ಸೋದರಮಾವನಿಗೆ ಚಳಿ ಬಿತ್ತೆಂದರೆ ಹಿಮ್ಮಡಿ ಒಡೆಯುತ್ತದೆ. ಈ ಸಲ ಜಾತ್ರೆಯಲ್ಲಿ ಬೇರು-ತೊಗಟೆ ಮಾರುವವನೊಬ್ಬ ಅವರಿಗೆ ಗುಡ್ಡೆಗೇರಿನ ಎಣ್ಣೆ ಕೊಟ್ಟ. ಕೆಲವು ಕಡೆ ಕರಿಗೇರು, ಕೇರಬೀಜ ಅಂತಲೂ ಕರೆಯುತ್ತಾರಲ್ಲ, ಅದೇ. ಶುದ್ಧಿ ಮಾಡಿದ್ದು, ಮಂಡಿನೋವಿಗೂ ಹಚ್ಚಿ ಎಂದನಂತೆ. ಬಾಟಲಿಯ ಮೇಲೆ ಒಂದು ಚೀಟಿಯೂ ಇರಲಿಲ್ಲ.

ಹಚ್ಚಿದ ದಿನ ಉರಿಯಿಲ್ಲ, ತುರಿಕೆಯಿಲ್ಲ. ಎಣ್ಣೆಗೆ ಪವರ್ ಇಲ್ಲ ಎಂದುಕೊಂಡು ಮರುದಿನ ಇನ್ನೂ ಜಾಸ್ತಿ ತಿಕ್ಕಿಕೊಂಡರು. ಆಮೇಲೆ ನೋಡಿ ಶುರುವಾಯಿತು. ಮಂಡಿ ಕೆಂಪಗೆ ಊದಿ ನೀರುಗುಳ್ಳೆ ಎದ್ದವು. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡಿದ್ದಕ್ಕೆ ರೆಪ್ಪೆ ಬಾತು ಕಣ್ಣೇ ಮುಚ್ಚಿಹೋಯಿತು. ಪಂಚೆ ಒಗೆದ ಅತ್ತೆಗೂ ಮೊಣಕೈವರೆಗೆ ತುರಿಕೆ. ಆಸ್ಪತ್ರೆ, ಸ್ಟೀರಾಯ್ಡ್ ಮಾತ್ರೆ, ನಿದ್ದೆಯಿಲ್ಲದ ರಾತ್ರಿಗಳು. ಮಂಡಿಯ ಮೇಲಿನ ಕಪ್ಪು ಕಲೆ ಇನ್ನೂ ಹೋಗಿಲ್ಲ. ಮಂಡಿನೋವು ಮಾತ್ರ ಹಾಗೇ ಇದೆ!

ಈ ಬೀಜದ ಸಿಪ್ಪೆಯೊಳಗಿನ ಕಪ್ಪು ರಸ ಚರ್ಮಕ್ಕೆ ಅಲರ್ಜಿ ತರುತ್ತದೆ. ಅಲರ್ಜಿ ಏಳಲು ಒಂದೆರಡು ದಿನ ಬೇಕು. ಮೊದಲ ಸಲ ಸೋಕಿದವರಿಗೆ ವಾರ ದಾಟಲೂಬಹುದು. ಆದ್ದರಿಂದ ಸ್ವಲ್ಪ ಹಚ್ಚಿ ಸಂಜೆವರೆಗೆ ನೋಡುತ್ತೇನೆ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಾವು, ಗೋಡಂಬಿ ಎಲ್ಲ ಇದರ ನೆಂಟರೇ. ಮಾವಿನ ಸೊನೆ ತಾಗಿದರೆ ಬಾಯಿ ಸುಡುವವರು, ಗೋಡಂಬಿ ಸಿಪ್ಪೆಯ ಎಣ್ಣೆ ಆಗದವರು ಇದರ ಹತ್ತಿರವೂ ಸುಳಿಯಬಾರದು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಇದೇ ರಸದಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲಿಗೆ ಬಂದಿದ್ದ ಸೈನಿಕರಿಗೆ ಬಟ್ಟೆಯ ಗುರುತು ತಾಗಿದಲ್ಲೆಲ್ಲ ಗುಳ್ಳೆ ಎದ್ದು, ವೈದ್ಯರು ಅದಕ್ಕೆ ದೋಭಿ ಮಾರ್ಕ್ ಎಂದೇ ಹೆಸರಿಟ್ಟಿದ್ದರು. ಒಣಗಿದ ಗುರುತೇ ಹಾಗೆ ಮಾಡಿದರೆ ಹಸಿ ಎಣ್ಣೆ ಬಿಡುತ್ತದಾ?

ಹಿರಿಯರು ಬಳಸುತ್ತಿರಲಿಲ್ಲವೇ ಎಂದು ಕೇಳುತ್ತೀರಿ, ಗೊತ್ತು. ಬಳಸುತ್ತಿದ್ದರು. ಬೀಜವನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದು, ದಪ್ಪ ಹಿಮ್ಮಡಿಯ ಬಿರುಕಿಗೆ ಒಂದು ತೊಟ್ಟು ಬಿಡುತ್ತಿದ್ದರು, ಅಷ್ಟೇ. ಮಂಡಿಗೆ ಮಾಲೀಶು ಮಾಡುತ್ತಿರಲಿಲ್ಲ. ಆ ಒಂದು ತೊಟ್ಟಿಗೂ ಗುಳ್ಳೆ ಎದ್ದವರಿದ್ದಾರೆ, ಅವರ ಕಥೆಯನ್ನು ಯಾರೂ ಹೇಳುವುದಿಲ್ಲ. ಆಯುರ್ವೇದದವರು ಇದನ್ನು ಭಲ್ಲಾತಕ ಎನ್ನುತ್ತಾರೆ. ಇಟ್ಟಿಗೆ ಪುಡಿಯಲ್ಲಿ ಉಜ್ಜಿ, ತೊಳೆದು, ಶುದ್ಧಿ ಮಾಡದೆ ಮುಟ್ಟುವುದಿಲ್ಲ. ಸರ್ಕಾರದ ಔಷಧ ನಿಯಮಗಳಲ್ಲೂ ಇದು ವಿಷದ ಪಟ್ಟಿಯಲ್ಲಿದೆ. ಇದು ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಮೇಲೆ ವೈದ್ಯರ ಮೇಲ್ವಿಚಾರಣೆ ಬೇಕೆಂಬ ಎಚ್ಚರಿಕೆ ಅಚ್ಚಾಗಿರಲೇಬೇಕು. ಚೀಟಿಯಿಲ್ಲದ ಬಾಟಲಿಯಲ್ಲಿ ಶುದ್ಧಿಯಾಗಿದೆಯೋ ಇಲ್ಲವೋ ಎಂದು ಯಾರನ್ನು ಕೇಳುವುದು?

ಈಗಾಗಲೇ ಸೋಕಿದ್ದರೆ ತಕ್ಷಣ ಸೋಪು ಹಾಕಿ ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಉಗುರಿನ ಸಂದಿ ಮರೆಯಬೇಡಿ. ಬಟ್ಟೆ, ಟವೆಲ್ ಬೇರೆಯಾಗಿ ಒಗೆಯಿರಿ, ಕೈಗೆ ಗ್ಲೌಸ್ ಇರಲಿ. ಗುಳ್ಳೆಯ ನೀರಿನಿಂದ ಇದು ಹರಡುವುದಿಲ್ಲ, ಉಳಿದ ಎಣ್ಣೆಯಿಂದ ಹರಡುತ್ತದೆ. ಮುಖ, ಕಣ್ಣು ಊದಿದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಓಡಿ. ಬಾಟಲಿ ಉಳಿದಿದ್ದರೆ ಒಲೆಗೆ ಮಾತ್ರ ಹಾಕಬೇಡಿ, ಇದರ ಹೊಗೆಯೂ ಮೈಮುಖ ಊದಿಸುತ್ತದೆ.