ನೈಜೀರಿಯಾದಲ್ಲಿ ಪಕ್ಷದ ಟಿಕೆಟ್: ಯಾವ ದಾರಿ ಮೇಲು?

ನೈಜೀರಿಯಾದಲ್ಲಿ ಪಕ್ಷೇತರರಾಗಿ ಚುನಾವಣೆಗೆ ನಿಲ್ಲುವಂತಿಲ್ಲ. ಸೆನೆಟ್‌ನ 109 ಸ್ಥಾನವಿರಲಿ, ಕೆಳಮನೆಯ 360 ಸ್ಥಾನವಿರಲಿ, ಪಕ್ಷದ ಟಿಕೆಟ್ ಬೇಕೇ ಬೇಕು. ಹಾಗಾಗಿ ಪಕ್ಷದೊಳಗಿನ ಆಯ್ಕೆಯೇ ಅರ್ಧ ಚುನಾವಣೆ ಇದ್ದಂತೆ. 2022ರ ಚುನಾವಣಾ ಕಾಯ್ದೆ ಇದಕ್ಕೆ ಮೂರು ದಾರಿ ಕೊಟ್ಟಿತ್ತು.

ಪರೋಕ್ಷ ಆಯ್ಕೆಯಲ್ಲಿ ಕೆಲವೇ ಪ್ರತಿನಿಧಿಗಳು ಮತ ಹಾಕುತ್ತಾರೆ. ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಮತದಾರರು ಕಡಿಮೆ ಇದ್ದಷ್ಟೂ ದುಡ್ಡು ಕೊಟ್ಟು ಕೊಳ್ಳುವುದು ಸುಲಭ ಅಲ್ವಾ?

ನೇರ ಆಯ್ಕೆಯಲ್ಲಿ ಪಕ್ಷದ ಸದಸ್ಯರೆಲ್ಲರಿಗೂ ಮತವಿದೆ. ನನಗೆ ಇದೇ ಇಷ್ಟ. ಆದರೆ ಸದಸ್ಯರ ಪಟ್ಟಿ ಸರಿಯಿಲ್ಲದಿದ್ದರೆ ಇದೂ ಕೆಡುತ್ತದೆ. ಇದನ್ನೊಂದೇ ಕಡ್ಡಾಯ ಮಾಡಿದ್ದ ಮಸೂದೆಗೆ ಅಧ್ಯಕ್ಷ ಬುಹಾರಿ 2021ರಲ್ಲಿ ಸಹಿ ಹಾಕಲಿಲ್ಲ. ಖರ್ಚು, ಭದ್ರತೆ ಜಾಸ್ತಿ ಬೇಕು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಸೇರಿತ್ತು.

ಮೂರನೆಯದು ಒಮ್ಮತ. ಒಬ್ಬರ ಹೆಸರಿಗೆ ಉಳಿದ ಆಕಾಂಕ್ಷಿಗಳೆಲ್ಲ ಬರವಣಿಗೆಯಲ್ಲಿ ಒಪ್ಪಲೇಬೇಕು.

ದಾರಿ ಯಾವುದೇ ಇರಲಿ, ಸುಮ್ನೆ ಶಾಸ್ತ್ರಕ್ಕೆ ಮಾಡಿದರೆ ಪೆಟ್ಟು ದೊಡ್ಡದು. 2019ರಲ್ಲಿ ಝಂಫಾರಾ ರಾಜ್ಯದಲ್ಲಿ ಎಪಿಸಿ (ಆಲ್ ಪ್ರೋಗ್ರೆಸಿವ್ಸ್ ಕಾಂಗ್ರೆಸ್) ಪಕ್ಷ ಗೆದ್ದಿತ್ತು. ಸರಿಯಾದ ಒಳಚುನಾವಣೆಯೇ ನಡೆದಿಲ್ಲವೆಂದು ಸುಪ್ರೀಂ ಕೋರ್ಟ್ ಆ ಮತಗಳನ್ನೆಲ್ಲ ವ್ಯರ್ಥವೆಂದು ಹೇಳಿತು. ಅಲ್ಲಿ ಜನರೇ ಆರಿಸುವ ರಾಜ್ಯಪಾಲರ (ಗವರ್ನರ್) ಹುದ್ದೆಯೂ ಸೇರಿ ಗೆದ್ದ ಸ್ಥಾನಗಳು ಎದುರಾಳಿಗಳ ಪಾಲಾದವು.