ರಾತ್ರಿ ಮಾತ್ರ ಆಫ್‌ಲೈನ್ ಆಗುವ ಕ್ಯಾಮೆರಾ: ರಿಪೀಟರ್ ಕೊಳ್ಳುವ ಮುಂಚೆ ವೈರ್ ನೋಡಿ

ಶಿಡ್ಲಘಟ್ಟದ ಕಡೆಯ ಒಂದು ಮನೆ. ರಸ್ತೆಯೂ ಕಾಣಬೇಕು, ಪಕ್ಕದ ರೇಷ್ಮೆ ಹುಳು ಮನೆಯ ಬಾಗಿಲೂ ಕಾಣಬೇಕು ಅಂತ ಗೇಟಿನ ಕಂಬದ ಮೇಲೆ ವೈಫೈ ಕ್ಯಾಮೆರಾ ಹಾಕಿಸಿದ್ದರು. ಹಗಲೆಲ್ಲ ಚೆನ್ನಾಗಿ ಓಡುತ್ತಿತ್ತು. ಕತ್ತಲಾಗುತ್ತಿದ್ದ ಹಾಗೆ ಆ್ಯಪ್‌ನಲ್ಲಿ ‘ಆಫ್‌ಲೈನ್’, ಒಂದೆರಡು ನಿಮಿಷ ಬಂದಂತೆ ಮಾಡಿ ಮತ್ತೆ ಮಾಯ. ಬೆಳಗಾದರೆ ತಾನಾಗೇ ಸರಿ. ಅಂಗಡಿಯವರು ಸಿಗ್ನಲ್ ಸಾಲದು ಅಂತ ಮೊದಲು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ) ಮಾರಿದರು, ಆಮೇಲೆ ನೆಟ್ ಪ್ಲಾನ್ ದೊಡ್ಡದು ಮಾಡಿಸಿ ಅಂದರು, ಕೊನೆಗೆ ಕ್ಯಾಮೆರಾನೇ ಬದಲಾಯಿಸಿದರು. ಹೊಸದೂ ಅದೇ ಆಟ ಆಡಿತು. ಇದರ ಮಧ್ಯೆ ಒಂದು ರಾತ್ರಿ ಗೇಟಿನ ಒಳಗೆ ನಿಲ್ಲಿಸಿದ್ದ ಬೈಕ್ ಕಳುವಾಯಿತು. ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಸಂಜೆಯಿಂದಾಚೆಗೆ ಬರೀ ತುಂಡು ತುಂಡು ವಿಡಿಯೊ. ಬೇಕಾದ ಹೊತ್ತಿನದು ಇರಲಿಲ್ಲ.

ತಪ್ಪು ಇದ್ದದ್ದು ವೈರಿನಲ್ಲಿ. 5 ವೋಲ್ಟ್ ಅಡಾಪ್ಟರ್ ಹಾಲ್‌ನ ಪ್ಲಗ್‌ನಲ್ಲಿತ್ತು. ಅಲ್ಲಿಂದ ಗೇಟಿಗೆ ಸುಮಾರು 10 ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್, ನಡುವೆ ಒಂದು ಜಾಯಿಂಟ್, ಅದರ ಮೇಲೆ ಟೇಪ್. ಈ ಜೋಡಣೆ ಎಲ್ಲಿದ್ದರೂ ಇವತ್ತಲ್ಲ ನಾಳೆ ಕೈ ಕೊಡುತ್ತೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿರುವುದು.

ಕತ್ತಲಾದಾಗ ಲೆನ್ಸ್ ಸುತ್ತ ಇರುವ ಐಆರ್ ಎಲ್‌ಇಡಿಗಳು, ಅಂದರೆ ರಾತ್ರಿ ಚಿತ್ರಕ್ಕೆ ಬೇಕಾದ ಇನ್‌ಫ್ರಾರೆಡ್ ದೀಪಗಳು, ಉರಿಯಲು ಶುರುವಾಗುತ್ತವೆ. ಹಗಲು 0.3 ಆಂಪ್ ಎಳೆಯುತ್ತಿದ್ದ ಕ್ಯಾಮೆರಾ ಆಗ 0.7 ಆಂಪ್‌ವರೆಗೂ ಎಳೆಯಬಹುದು. 24 ಗೇಜ್‌ನ ಒಳ್ಳೆಯ ತಾಮ್ರದ ಎಳೆಗೂ ಮೀಟರಿಗೆ ಸುಮಾರು 0.085 ಓಂ ತಡೆ ಇರುತ್ತೆ. ಹೋಗುವ ಎಳೆ, ಬರುವ ಎಳೆ ಸೇರಿಸಿದರೆ 20 ಮೀಟರ್, ಅಂದರೆ 1.7 ಓಂ. 0.3 ಆಂಪ್‌ಗೆ ದಾರಿಯಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್, 0.7 ಆಂಪ್‌ಗೆ 1.2 ವೋಲ್ಟ್. ಕ್ಯಾಮೆರಾಗೆ ಮುಟ್ಟುವುದು 3.8 ವೋಲ್ಟ್ ಮಾತ್ರ. ಅಷ್ಟರಲ್ಲಿ ಅದು ನಿಲ್ಲಲಾರದೆ ರೀಸ್ಟಾರ್ಟ್ ಆಗುತ್ತೆ, ಎದ್ದು ವೈಫೈ ಹಿಡಿಯುತ್ತೆ, ಎಲ್‌ಇಡಿ ಹತ್ತಿದ ತಕ್ಷಣ ಮತ್ತೆ ಬೀಳುತ್ತೆ. ಅಗ್ಗದ ಕೇಬಲ್‌ಗಳಲ್ಲಿ ಎಳೆ ಇನ್ನೂ ತೆಳ್ಳಗೆ, 28 ಗೇಜ್ ಇರುತ್ತೆ, ತಡೆ ಎರಡೂವರೆ ಪಟ್ಟು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಆದರೆ ಇನ್ನೂ ಹೆಚ್ಚು. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ಅಲ್ಯೂಮಿನಿಯಂ.

ಕರೆಂಟಿನ ತೊಂದರೆಯೋ ವೈಫೈ ತೊಂದರೆಯೋ ಅಂತ ದುಡ್ಡು ಖರ್ಚಿಲ್ಲದೆ ಹೇಳಬಹುದು. ಕಾರ್ಡ್ ರೆಕಾರ್ಡಿಂಗನ್ನು ಚಲನೆ ಕಂಡಾಗ ಮಾತ್ರ ಅಂತ ಇಡದೆ ಸತತವಾಗಿ ಇಟ್ಟು ಒಂದು ರಾತ್ರಿ ಬಿಡಿ. ಆಫ್‌ಲೈನ್ ತೋರಿಸಿದ ಹೊತ್ತಿನ ವಿಡಿಯೊ ಕಾರ್ಡಿನಲ್ಲಿ ಪೂರ್ತಿ ಇದ್ದರೆ ಕ್ಯಾಮೆರಾ ಎದ್ದೇ ಇತ್ತು, ಹೋದದ್ದು ನೆಟ್‌ವರ್ಕ್. ವಿಡಿಯೊ ಅಲ್ಲಲ್ಲಿ ಕಡಿದಿದ್ದರೆ ಮೊದಲು ಕರೆಂಟನ್ನೇ ಅನುಮಾನಿಸಿ. ತಿರುಗುವ ಕ್ಯಾಮೆರಾ ಆದರೆ ಇನ್ನೂ ಸುಲಭ: ಆನ್ ಆದಾಗ ಅದು ಸಾಮಾನ್ಯವಾಗಿ ತಲೆಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿಕೊಳ್ಳುತ್ತೆ. ರಾತ್ರಿ ಯಾರೂ ಮುಟ್ಟದೆ ತಲೆ ಹಾಗೆ ತಿರುಗುತ್ತಿದ್ದರೆ ರೀಸ್ಟಾರ್ಟ್ ಆಗುತ್ತಿರುವ ಸಾಧ್ಯತೆಯೇ ಹೆಚ್ಚು. ಆ್ಯಪ್‌ನಲ್ಲಿ ನೈಟ್ ವಿಷನ್ ಆಫ್ ಮಾಡಿ ಒಂದು ರಾತ್ರಿ ನೋಡುವುದೂ ಒಂದು ದಾರಿ. ಚಿತ್ರ ಕಪ್ಪಗಿರುತ್ತೆ, ಆದರೆ ಸಂಪರ್ಕ ಉಳಿದರೆ ಉತ್ತರ ಸಿಕ್ಕಿದಂತೆ.

ಮಲ್ಟಿಮೀಟರ್ ಇಟ್ಟು ಅಳೆಯುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಕ್ಯಾಮೆರಾ ಬಿಚ್ಚಿ ಬರೀ ಪಿನ್ ಅಳೆದರೆ 5 ವೋಲ್ಟ್ ಪೂರ್ತಿ ತೋರಿಸುತ್ತೆ, ಯಾಕೆಂದರೆ ಕರೆಂಟ್ ಹರಿಯುತ್ತಿಲ್ಲ. ಕ್ಯಾಮೆರಾ ಸಿಕ್ಕಿಸಿಕೊಂಡೇ, ಮುಂಭಾಗಕ್ಕೆ ಕಪ್ಪು ಬಟ್ಟೆ ಮುಚ್ಚಿ ಐಆರ್ ಹತ್ತಿಸಿ, ಕ್ಯಾಮೆರಾ ತುದಿಯಲ್ಲಿ ಅಳೆಯಬೇಕು. 5 ವೋಲ್ಟಿನದಕ್ಕೆ 4.75ಕ್ಕಿಂತ ಕೆಳಗೆ, 12 ವೋಲ್ಟಿನದಕ್ಕೆ 10.8ಕ್ಕಿಂತ ಕೆಳಗೆ ಹೋದರೆ ವೈರ್ ಅಥವಾ ಅಡಾಪ್ಟರ್ ಬದಲಾಗಬೇಕು. ಹಳ್ಳಿ ಲೈನಿನಲ್ಲಿ ವೋಲ್ಟೇಜ್ ಕಮ್ಮಿ ಅನ್ನುವ ಕಾರಣವನ್ನು ಸುಲಭವಾಗಿ ಒಪ್ಪಬೇಡಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದ್ದರೆ, ಅದು ಸರಿಯಾದ ಮಾಲಾಗಿದ್ದರೆ, 170ಕ್ಕೂ ಕೆಲಸ ಮಾಡಬೇಕು. ಕೊಳ್ಳುವಾಗ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ‘ಆರ್-’ ಇಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ.

5 ವೋಲ್ಟನ್ನು 3 ಮೀಟರಿಗಿಂತ ದೂರ ಎಳೆಯಲೇಬೇಡಿ. ದೂರ ಹೋಗಬೇಕಾದದ್ದು 230 ವೋಲ್ಟ್: ಎಲೆಕ್ಟ್ರಿಷಿಯನ್ ಕೈಲಿ ಪಿವಿಸಿ ಪೈಪಿನಲ್ಲಿ 1 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, ಕ್ಯಾಮೆರಾ ಪಕ್ಕ ಮಳೆ ತಡೆಯುವ ಬಾಕ್ಸ್ ಕೂರಿಸಿ, ಅಡಾಪ್ಟರ್ ಅದರೊಳಗೇ ಇಡಿಸಿ. ಕೇಬಲ್ ಬಾಕ್ಸಿನ ತಳದಿಂದ ಒಳಗೆ ಹೋಗಬೇಕು, ಹೊರಗೆ ಸ್ವಲ್ಪ ಜೋತುಬಿಟ್ಟಿರಬೇಕು, ಇಲ್ಲದಿದ್ದರೆ ಮಳೆನೀರು ವೈರ್ ಹಿಡಿದೇ ಒಳಗಿಳಿಯುತ್ತೆ. ಹೊಸದಾಗಿ ಹಾಕಿಸುವವರಿಗೆ ನಮ್ಮ ಸಲಹೆ ಪಿಒಇ ಕ್ಯಾಮೆರಾ. ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಡೇಟಾನೂ ಕರೆಂಟೂ ಹೋಗುತ್ತೆ, 100 ಮೀಟರ್‌ವರೆಗೆ ಯೋಚನೆ ಇಲ್ಲ, ವೈಫೈ ರಗಳೆಯೇ ಇರುವುದಿಲ್ಲ. ಆ ಕೇಬಲ್ ಪೂರ್ತಿ ತಾಮ್ರದ್ದು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇನ್ನು ನಿಜವಾಗಿಯೂ ವೈಫೈ ಸಾಲದ ಮನೆಗಳೂ ಇವೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಗೋಡೆ ಸೈಜುಗಲ್ಲಿನದು, ಮೇಲೆ ಕಲ್ಲು ಚಪ್ಪಡಿ. ಒಂದೂವರೆ ಅಡಿ ಕಲ್ಲು ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತೆ. ತಗಡಿನ ಶೀಟು, ರೋಲಿಂಗ್ ಶಟರ್, ರೂಟರ್ ಮುಂದೆ ನಿಂತ ಕಬ್ಬಿಣದ ಬೀರು ಇನ್ನೂ ಕೆಟ್ಟವು. ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಕ್ಯಾಮೆರಾ ಇರುವ ಜಾಗದಲ್ಲೇ ಅಳೆಯಿರಿ. ಸಿಗ್ನಲ್ ಬಲವನ್ನು ಅದು ಡಿಬಿಎಂನಲ್ಲಿ ತೋರಿಸುತ್ತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 65 ಡಿಬಿಎಂ ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ ಸಾಕು, ಮೈನಸ್ 75 ದಾಟಿದರೆ ಆಗಾಗ ಕಡಿಯುತ್ತೆ. ರಿಪೀಟರ್ ಹಾಕುವುದಾದರೆ ಅರ್ಧ ದಾರಿಯಲ್ಲಿ, ಅದಕ್ಕೇ ಚೆನ್ನಾಗಿ ಸಿಗ್ನಲ್ ಸಿಗುವ ಜಾಗದಲ್ಲಿ ಹಾಕಿ. ಶಿಡ್ಲಘಟ್ಟದ ಆ ಮನೆಯಲ್ಲಿ ಅದನ್ನು ಕ್ಯಾಮೆರಾ ಪಕ್ಕದಲ್ಲೇ ಸಿಕ್ಕಿಸಿದ್ದರು. ನಿಜಕ್ಕೂ ಸಿಗ್ನಲ್ ಇಲ್ಲದ ಜಾಗವಾಗಿದ್ದರೆ ಅದು ಎಲ್ಲಿಂದ ತಂದೀತು?

ರೂಟರ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರು ಕೊಡಿ, ಕ್ಯಾಮೆರಾವನ್ನು 2.4ಕ್ಕೆ ಕಟ್ಟಿ. ಚಾನಲ್ 1, 6, 11ರಲ್ಲಿ ಅಕ್ಕಪಕ್ಕದವರು ಕಡಿಮೆ ಬಳಸುತ್ತಿರುವುದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ಸೆಕ್ಯುರಿಟಿ ಡಬ್ಲ್ಯೂಪಿಎ2 ಇರಲಿ, ಎಷ್ಟೋ ಕ್ಯಾಮೆರಾಗಳಿಗೆ ಡಬ್ಲ್ಯೂಪಿಎ3 ಗೊತ್ತಿಲ್ಲ. ಕ್ಯಾಮೆರಾಗೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಕಾಯ್ದಿರಿಸಿದರೆ ಎರಡು ಸಾಧನಗಳಿಗೆ ಒಂದೇ ವಿಳಾಸ ಬೀಳುವ ಗೋಜಲು ತಪ್ಪುತ್ತೆ.

ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಆಫ್‌ಲೈನ್ ಆಗುವುದಾದರೆ ಅದು ಬೇರೆ ಕಾಯಿಲೆ. ಕ್ಯಾಮೆರಾ ಒಂದು ನಿಮಿಷದೊಳಗೆ ಏಳುತ್ತೆ, ರೂಟರ್ ಮತ್ತು ಫೈಬರ್ ಬಾಕ್ಸ್‌ಗೆ ಎರಡು ಮೂರು ನಿಮಿಷ ಬೇಕು. ಕೆಲವು ಕ್ಯಾಮೆರಾಗಳು ಅಷ್ಟರಲ್ಲಿ ಹುಡುಕಿ ಸೋತು ಸುಮ್ಮನಾಗುತ್ತವೆ. ರೂಟರ್, ಫೈಬರ್ ಬಾಕ್ಸ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿದ್ದರೆ ಲೈನ್ ಬದಲಾಗುವಾಗ ರೂಟರ್ ಆರುವುದಿಲ್ಲ, ಆದರೆ ಲೈನ್ ವೋಲ್ಟೇಜ್ ತೀರಾ ಇಳಿಯುವ ಊರಿನಲ್ಲಿ ಆ ಮೋಡ್ ಪದೇ ಪದೇ ಬ್ಯಾಟರಿಗೆ ಹೋಗುತ್ತೆ. ಅಂಥ ಕಡೆ ರೂಟರಿಗೆ ಒಂದು ಮಿನಿ ಯುಪಿಎಸ್ ವಾಸಿ. 9 ವೋಲ್ಟೋ 12 ವೋಲ್ಟೋ ರೂಟರ್ ತಳದಲ್ಲಿ ಓದಿಯೇ ತನ್ನಿ.

ಪದೇ ಪದೇ ರೀಸ್ಟಾರ್ಟ್ ಆದ ಕ್ಯಾಮೆರಾದ ಮೆಮೊರಿ ಕಾರ್ಡನ್ನು ನಂಬಬೇಡಿ. ಬರೆಯುವ ನಡುವೆ ಕರೆಂಟ್ ಹೋದರೆ ಫೈಲ್ ಕೆಡುತ್ತೆ. ವೈರ್ ಸರಿಮಾಡಿದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಮತ್ತೂ ತಕರಾರು ಮಾಡಿದರೆ ಸತತ ರೆಕಾರ್ಡಿಂಗ್ ತಾಳುವ, ಹೈ ಎಂಡ್ಯೂರೆನ್ಸ್ ಅಂತ ನಮೂದಿಸಿದ ಕಾರ್ಡ್ ಹಾಕಿ.

ಸರಿಹೋಗದೆ ಬೇಸತ್ತು ಕಸ್ಟಮರ್ ಕೇರ್ ನಂಬರನ್ನು ನೆಟ್‌ನಲ್ಲಿ ಹುಡುಕಿ ಫೋನ್ ಮಾಡುವವರಿಗೆ ಇನ್ನೂ ದೊಡ್ಡ ಅಪಾಯ ಕಾದಿರುತ್ತೆ. ಹುಡುಕಾಟದಲ್ಲಿ ಮೇಲೆ ಬರುವ ನಂಬರ್ ಮೋಸಗಾರರದ್ದಾಗಿರಬಹುದು. ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸುತ್ತಾರೆ, ಹತ್ತು ರೂಪಾಯಿ ಕಟ್ಟಿ ಅನ್ನುತ್ತಾರೆ, ಅಷ್ಟರಲ್ಲಿ ಬ್ಯಾಂಕ್ ಖಾತೆ ಅವರ ಕಣ್ಣೆದುರಿಗಿರುತ್ತೆ. ನಂಬರನ್ನು ಡಬ್ಬದ ಮೇಲಿಂದ ಅಥವಾ ಕ್ಯಾಮೆರಾದ ಆ್ಯಪ್‌ನಿಂದಲೇ ತೆಗೆದುಕೊಳ್ಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಕಿಸುವ ದಿನವೇ ಇನ್ನೊಂದು ಕೆಲಸ ಮುಗಿಸಿ: ಆ್ಯಪ್ ಅಕೌಂಟ್ ನಿಮ್ಮ ಮೊಬೈಲ್ ನಂಬರಿನಲ್ಲೇ ಆಗಲಿ. ಕ್ಯಾಮೆರಾ ಹಾಕಲು ಬಂದ ಹುಡುಗರು ಬೇಗ ಮುಗಿಯಲಿ ಅಂತ ತಮ್ಮ ಫೋನಿನಲ್ಲಿ ಸೇರಿಸಿ ನಿಮಗೆ ಶೇರ್ ಮಾಡಿ ಹೋದರೆ, ನಿಮ್ಮ ಅಂಗಳ ಅವರ ಫೋನಿನಲ್ಲೂ ಕಾಣುತ್ತಿರುತ್ತೆ. ಮುಂದೆ ಕ್ಯಾಮೆರಾ ರೀಸೆಟ್ ಮಾಡಿ ಹೊಸದಾಗಿ ಸೇರಿಸಲು ಹೋದಾಗ, ಇದು ಬೇರೆ ಅಕೌಂಟಿಗೆ ಸೇರಿದೆ ಅಂತ ಆ್ಯಪ್ ಒಪ್ಪದೇ ಇರಬಹುದು. ಆಗ ಅವರೇ ತಮ್ಮ ಫೋನಿನಿಂದ ಅದನ್ನು ತೆಗೆದುಹಾಕಬೇಕಾಗುತ್ತೆ.