ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕಿನ ತಟ್ಟೆ ಗಾಜು, ಬಗ್ಗಿಸಲು ಹೋಗಬೇಡಿ

ರಾಯಚೂರಿನ ಗುಜರಿ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ತಂದ ಹಾರ್ಡ್‌ಡಿಸ್ಕ್. ಡಿಪ್ಲೊಮಾ ಓದುವ ಹುಡುಗ ಮುಚ್ಚಳ ತೆಗೆದು, ಒಳಗಿನ ಕನ್ನಡಿಯಂಥ ತಟ್ಟೆ ಅಲ್ಯೂಮಿನಿಯಂ ಅಂದುಕೊಂಡು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದ. ಪಟ್ಟನೆ ಸಿಡಿಯಿತು. ಸಾಸಿವೆ ಕಾಳಿನಷ್ಟು ಚೂರುಗಳು ಅಂಗೈಗೆ ನೆಟ್ಟವು, ಒಂದು ಹುಬ್ಬಿನ ಕೆಳಗೇ ಕೂತಿತು. ಕನ್ನಡಕ ಹಾಕಿರಲಿಲ್ಲ.

ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿನಲ್ಲಿ ತಟ್ಟೆ ಹೆಚ್ಚಾಗಿ ಅಲ್ಯೂಮಿನಿಯಮ್ಮೇ. ಲ್ಯಾಪ್‌ಟಾಪಿನ 2.5 ಇಂಚಿನದರಲ್ಲಿ ಸಾಮಾನ್ಯವಾಗಿ ಗಾಜು, ಮೇಲೆ ಲೋಹದ ಲೇಪ. ನೋಡಿದರೆ ಗೊತ್ತಾಗುವುದಿಲ್ಲ, ಆದ್ದರಿಂದ ಎಲ್ಲವನ್ನೂ ಗಾಜೆಂದೇ ತಿಳಿಯಿರಿ. ವೆಲ್ಡಿಂಗ್ ಶಾಪಿನವರು ಗ್ರೈಂಡರ್ ಹಿಡಿಯುವಾಗ ಹಾಕುವ ಬಿಳಿ ಕನ್ನಡಕ ಸಾಕು. ಮುಚ್ಚಳ ಏಳದಿದ್ದರೆ ಮೀಟಬೇಡಿ, ಲೇಬಲ್ ಕೆಳಗೆ ಇನ್ನೊಂದು ಸ್ಕ್ರೂ ಅಡಗಿರುತ್ತದೆ. ಬೆರಳಿನಿಂದ ಒತ್ತಿದರೆ ಕುಳಿ ಸಿಗುತ್ತದೆ. ನಕ್ಷತ್ರದ ತಲೆಯ ಟಾರ್ಕ್ಸ್ ಬಿಟ್ ಬೇಕು, ದೊಡ್ಡ ಡಿಸ್ಕಿಗೆ ಸಾಮಾನ್ಯವಾಗಿ ಟಿ8.

ನಿಯೋಡಿಮಿಯಂ ಆಯಸ್ಕಾಂತಕ್ಕಾಗಿಯೇ ಬಹಳ ಜನ ಡಿಸ್ಕ್ ಬಿಚ್ಚುವುದು. ಸ್ಟೀಲಿನಂತೆ ಹೊಳೆಯುತ್ತದೆ, ಆದರೆ ಅದು ನಿಕಲ್ ಲೇಪ. ಒಳಗಿನದು ಪಿಂಗಾಣಿಯಂತೆ ಪೆಡಸು. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಮೂಲೆ ಹಾರುತ್ತದೆ. ಕೆಳಗಿನ ಕಬ್ಬಿಣದ ಪಟ್ಟಿಯ ಎರಡೂ ತುದಿಯನ್ನು ಇಕ್ಕಳಗಳಲ್ಲಿ ಹಿಡಿದು, ಪಟ್ಟಿಯನ್ನೇ ಆಯಸ್ಕಾಂತದಿಂದ ಆಚೆಗೆ ಬಗ್ಗಿಸಿ, ಅಂಟು ತಾನಾಗಿ ಬಿಡುತ್ತದೆ. ಅಂಟು ಕರಗಿಸಲು ಕಾಯಿಸಬೇಡಿ. ಬಳ್ಳಾರಿಯ ಮೇ ಬಿಸಿಲಿಗೆ ಏನೂ ಆಗದು, ಆದರೆ 80 ಡಿಗ್ರಿ ದಾಟಿದರೆ ಸಾಮಾನ್ಯ ದರ್ಜೆಯದು ಶಕ್ತಿ ಕಳೆದುಕೊಳ್ಳುತ್ತದೆ, ಆರಿದ ಮೇಲೂ ಪೂರ್ತಿ ಮರಳುವುದಿಲ್ಲ.

ಡಿವಿಡಿ ರೈಟರ್ ಇದಕ್ಕಿಂತ ಅಪಾಯ. ಅದರ 650 ನ್ಯಾನೊಮೀಟರಿನ ಕೆಂಪು ಲೇಸರ್ ಡಯೋಡ್ 100 ಮಿಲಿವ್ಯಾಟ್‌ಗೂ ಹೆಚ್ಚು ಕೊಡಬಲ್ಲದು. ಪಾಠ ಹೇಳುವಾಗ ಹಿಡಿಯುವ ಪಾಯಿಂಟರ್ ಅದರ ಮುಂದೆ ಏನೂ ಅಲ್ಲ. ಪಕ್ಕದಲ್ಲೇ ಸಿಡಿಗಾಗಿ ಇರುವ 780 ನ್ಯಾನೊಮೀಟರಿನದು ಕಣ್ಣಿಗೆ ಕಾಣುವುದೇ ಇಲ್ಲ ಎನ್ನಬೇಕು. ರೆಟಿನಾ ಸುಟ್ಟರೆ ನೋವೂ ಆಗುವುದಿಲ್ಲ. ತಂಪು ಕನ್ನಡಕ ಇದಕ್ಕೆ ಉಪಯೋಗವಿಲ್ಲ. ಬ್ಯಾಟರಿ ತಾಗಿಸಿ ‘ಹತ್ತುತ್ತದಾ’ ಎಂದು ನೋಡುವ ಚಾಳಿಯೇ ಬೇಡ.

ಡಿವಿಡಿ ಡ್ರೈವಿನಿಂದ ತೆಗೆಯಬೇಕಾದ್ದು ಲೇಸರನ್ನು ಹಿಂದೆಮುಂದೆ ಸರಿಸುವ ಸ್ಲೆಡ್‌ನ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ) ಮೋಟಾರು. ನಾಲ್ಕು ತುದಿ, ಎರಡು ಕಾಯಿಲ್. ಮಲ್ಟಿಮೀಟರ್‌ನಲ್ಲಿ ಹತ್ತು ಓಮ್ ಆಸುಪಾಸು ತೋರಿಸುವ ತುದಿಗಳು ಒಂದು ಜೋಡಿ. ಮೋಟಾರಿಗೆ ಅಂಟಿರುವ ತೆಳು ರಿಬ್ಬನ್ ಪಟ್ಟಿಯ ಮೇಲೆ ಕಾದ ಸೋಲ್ಡರಿಂಗ್ ಐರನ್ನನ್ನು ಎರಡು ಸೆಕೆಂಡಿಗಿಂತ ಹೆಚ್ಚು ಇಟ್ಟರೆ ತಾಮ್ರ ಎದ್ದು ಬರುತ್ತದೆ. ಈ ಮೋಟಾರನ್ನು ನಡೆಸುವ ಪುಟ್ಟ ಬೋರ್ಡ್ ಎ4988 ಡ್ರೈವರ್‌ಗೆ ಮೋಟಾರಿನ ಕಡೆ ಕನಿಷ್ಠ 8 ವೋಲ್ಟ್ ಬೇಕು. ಕರೆಂಟ್ ಮಿತಿ ಹಾಕದೆ 12 ವೋಲ್ಟ್ ಕೊಟ್ಟರೆ ಮೋಟಾರಿನ ಮೈ ಮುಟ್ಟಲಾಗದಷ್ಟು ಸುಡುತ್ತದೆ. ಬೋರ್ಡಿನಲ್ಲಿ ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್ ಮೇಲೆ ಆರ್100 (ಅಂದರೆ 0.1 ಓಮ್) ಎಂದಿದ್ದರೆ, ಬೋರ್ಡಿನ ಪುಟ್ಟ ಸ್ಕ್ರೂವಿನಿಂದ ವಿರೆಫ್ (ಕರೆಂಟ್ ಮಿತಿ ಗೊತ್ತುಮಾಡುವ ವೋಲ್ಟೇಜ್) 0.2 ವೋಲ್ಟ್‌ಗೆ ತಿರುಗಿಸಿ, ಕಾಯಿಲ್‌ಗೆ ಸುಮಾರು 0.25 ಆಂಪ್ ಹೋಗುತ್ತದೆ. ಸಪ್ಲೈ ಆಫ್ ಮಾಡದೆ ಮೋಟಾರಿನ ವೈರ್ ಕಿತ್ತರೆ ಡ್ರೈವರ್ ಚಿಪ್ ಸುಡಬಹುದು, ಹೊಗೆ ಕೂಡ ಬರದೆ.